ಅಲ್ಲಿ ಯಾರ ಮನೆಯಲ್ಲಿ ಉಂಡಿರಿ?



"ಸಾಯೋದ್ರೊಳಗ ಒಮ್ಮೆಯಾದ್ರೂ ರೋಮ್ ನೋಡಬೇಕ್ರಿ ಫಾದರ್." ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನಮ್ಮ ಕುಟುಂಬಗಳಲ್ಲಿ ಈ ಮಾತು ಈಗ ಮೊದಲಿಗಿಂತ ಹೆಚ್ಚಾಗಿ ಕೇಳಿಬರುತ್ತಿದೆ. 2024ರ ಡಿಸೆಂಬರ್ 24ರ ರಾತ್ರಿ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಗಾಲಿಕುರ್ಚಿಯಲ್ಲಿ ಕುಳಿತೇ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ತೆರೆದು 2025ರ ಜುಬಿಲಿ ವರ್ಷವನ್ನು ಆರಂಭಿಸಿದರು. ಅದನ್ನು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ನೋಡಿದ ಎಷ್ಟೋ ಜನರ ಮನಸ್ಸಿನಲ್ಲಿ ಈ ಆಸೆ ಬೇರೂರಿತು. ಕೆಲವರು ಹೋಗಿ ಬಂದರು. ಕೆಲವರು ಭತ್ತ ಮಾರಿದ ಹಣದಲ್ಲಿ ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದಾರೆ. ಇನ್ನು ಹೆಚ್ಚಿನವರಿಗೆ ಅದು ದೂರದ ಕನಸು.

ಆಸೆ ಒಳ್ಳೆಯದೇ. ಪ್ರೇಷಿತರಾದ ಪೇತ್ರ ಮತ್ತು ಪೌಲರ ಸಮಾಧಿಗಳಿರುವ ನಗರಕ್ಕೆ ವಿಶ್ವಾಸಿಗಳು ಶತಮಾನಗಳಿಂದ ಯಾತ್ರೆ ಹೋಗುತ್ತಿದ್ದಾರೆ. ಆದರೆ ಹೋದವರು ಅಲ್ಲಿ ನೋಡಬೇಕಾದದ್ದು ಏನನ್ನು? ಹೋಗಲಾರದವರು ಕಳೆದುಕೊಂಡದ್ದು ಏನನ್ನು? ಈ ಎರಡು ಪ್ರಶ್ನೆಗಳನ್ನು ಇಂದು ನಿಮ್ಮೊಡನೆ ಧ್ಯಾನಿಸಲು ಬಯಸುತ್ತೇನೆ.

ಯಾತ್ರೆಯಿಂದ ಮರಳಿದ ಕುಟುಂಬವೊಂದು ಮನೆಯ ಅಜ್ಜಿಗೆ ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೋರಿಸುತ್ತಿತ್ತು. ದೊಡ್ಡ ಕಂಬಗಳು, ದೊಡ್ಡ ಗುಮ್ಮಟಗಳು, ಮುರಿದು ನಿಂತ ಗೋಡೆಗಳು. ಎಲ್ಲವನ್ನೂ ತಾಳ್ಮೆಯಿಂದ ನೋಡಿದ ಆ ತಾಯಿ ಕೊನೆಗೆ ಕೇಳಿದ್ದು ಒಂದೇ ಮಾತು: "ಅದೆಲ್ಲಾ ಖರೆ, ಅಲ್ಲಿ ಯಾರ ಮನ್ಯಾಗ ಉಂಡ್ರಿ?" ಎಲ್ಲರೂ ನಕ್ಕುಬಿಟ್ಟರು. ಟೂರಿನವರು ಹೋಟೆಲಿನಲ್ಲಿ ಊಟ ಹಾಕಿಸಿದ್ದರು, ಮನೆ ಎಲ್ಲಿಂದ ಬರಬೇಕು? ಆದರೆ ಪ್ರಿಯರೇ, ಆ ಅಜ್ಜಿಯ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ನಕ್ಕು ಬಿಡುವಂತಿಲ್ಲ. ಅದು ಸಂತ ಪೌಲರ ಮನಸ್ಸಿಗೆ ಬಹಳ ಹತ್ತಿರವಾದ ಪ್ರಶ್ನೆ.

ಸಂತ ಪೌಲರು ಸುಮಾರು ಕ್ರಿ.ಶ. 57ರಲ್ಲಿ ರೋಮನರಿಗೆ ಪತ್ರ ಬರೆದರು. ಆಗ ಅವರಿನ್ನೂ ಆ ನಗರವನ್ನು ಕಂಡಿರಲಿಲ್ಲ. ಜಗತ್ತನ್ನೇ ಆಳುತ್ತಿದ್ದ ರಾಜಧಾನಿ ಅದು. ಆದರೂ ಪತ್ರದ ಕೊನೆಯ ಅಧ್ಯಾಯವನ್ನು ತೆರೆದು ನೋಡಿ. ಅರಮನೆಯ ಮಾತಿಲ್ಲ, ಮಂಟಪದ ಮಾತಿಲ್ಲ. ಇರುವುದು ಹೆಸರುಗಳು. 25ಕ್ಕೂ ಹೆಚ್ಚು ಜನರನ್ನು ನೆನೆದು ಅವರು ವಂದನೆ ಹೇಳಿ ಕಳುಹಿಸುತ್ತಾರೆ. ಗುಡಾರ ಮಾಡಿ ಬದುಕುತ್ತಿದ್ದ ಅಕ್ವಿಲ ಮತ್ತು ಪ್ರಿಸ್ಕ ದಂಪತಿ, ಅವರ ಮನೆಯಲ್ಲಿ ಸೇರುತ್ತಿದ್ದ ಸಭೆ, ಪ್ರಭುವಿಗಾಗಿ ದುಡಿದ ಪೆರ್ಸಿ ಎಂಬ ಹೆಣ್ಣುಮಗಳು, ಅಂಪ್ಲಿಯಾತ ಮತ್ತು ಉರ್ಬಾನ. ಇವುಗಳಲ್ಲಿ ಹಲವು ಆ ಕಾಲದಲ್ಲಿ ಗುಲಾಮರಿಗೆ ಇಡುತ್ತಿದ್ದ ಹೆಸರುಗಳೆಂದು ಪಂಡಿತರು ಗುರುತಿಸುತ್ತಾರೆ. ರೂಫ ಎಂಬಾತನ ತಾಯಿಯನ್ನಂತೂ ತಮಗೂ ತಾಯಿಯಾದವಳು ಎಂದು ಪೌಲರು ನೆನೆಯುತ್ತಾರೆ. ಆ ತಾಯಿಯ ಕೈಯಡಿಗೆ ಉಂಡವರಲ್ಲದೆ ಬೇರೆ ಯಾರು ಹಾಗೆ ಬರೆದಾರು?

ಮುಂದೆ ಪೌಲರು ರೋಮಿಗೆ ಹೋದದ್ದು ಪ್ರವಾಸಿಯಾಗಿ ಅಲ್ಲ, ಬೇಡಿ ತೊಟ್ಟ ಕೈದಿಯಾಗಿ. ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯ ಅದನ್ನು ತಿಳಿಸುತ್ತದೆ. ಅವರು ಬರುವ ಸುದ್ದಿ ಕೇಳಿ ರೋಮಿನ ವಿಶ್ವಾಸಿಗಳು ಅಪ್ಪಿಯ ಪೇಟೆಯವರೆಗೆ ಎದುರುಗೊಳ್ಳಲು ಬಂದರು. ಅದು ಸುಮಾರು 65 ಕಿಲೋಮೀಟರ್ ದಾರಿ. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುವುದಕ್ಕಿಂತ ಕಡಿಮೆಯಲ್ಲ. ಅವರನ್ನು ಕಂಡು ಪೌಲರು ದೇವರನ್ನು ಸ್ತುತಿಸಿ ಧೈರ್ಯ ತಂದುಕೊಂಡರು. ನಂತರ ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದು, ಬಂದವರನ್ನೆಲ್ಲ ಬರಮಾಡಿಕೊಂಡರು. ಕೊಲೊಸಿಯಮ್ ಆಗ ಇನ್ನೂ ಕಟ್ಟಿರಲಿಲ್ಲ, ನಿಜ. ಆದರೆ ರೋಮಿನ ಮಹಾಚೌಕ, ಅರಮನೆಗಳು, ರಥ ಓಡಿಸುವ ದೊಡ್ಡ ಮೈದಾನ ಎಲ್ಲವೂ ಇದ್ದವು. ಶುಭಸಂದೇಶಕಾರ ಲೂಕರು ಅವುಗಳಲ್ಲಿ ಒಂದನ್ನೂ ಬರೆದಿಡಲಿಲ್ಲ. ದಾರಿಗೆ ಬಂದ ಜನರನ್ನು ಬರೆದಿಟ್ಟರು.

ಹಾಗೆಂದು ಕಟ್ಟಡಗಳನ್ನು ನೋಡಬಾರದೇ? ನೋಡಬೇಕು. ಮನುಷ್ಯನ ಕೈಚಳಕವೂ ದೇವರ ಕೊಡುಗೆಯೇ. ನಾಲೆಯ ನೀರಿನಿಂದ ಬದುಕುವ ನಮಗೆ ರೋಮನರ ನೀರಿನ ಕಾಲುವೆಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪೌಲರು ಬರುವುದಕ್ಕೆ ಕೆಲವೇ ವರ್ಷ ಮುಂಚೆ, ಕ್ರಿ.ಶ. 52ರಲ್ಲಿ, ಕ್ಲೌದಿಯಸ್ ಚಕ್ರವರ್ತಿಯ ಹೆಸರಿನ ಕಾಲುವೆ ಪೂರ್ಣಗೊಂಡಿತ್ತು. ಸುಮಾರು 69 ಕಿಲೋಮೀಟರ್ ಉದ್ದ. ಪಂಪ್ ಇಲ್ಲ, ಕರೆಂಟ್ ಇಲ್ಲ, ಬರೀ ಇಳಿಜಾರಿನ ಲೆಕ್ಕದ ಮೇಲೆ ನೀರು ನಗರ ಸೇರುತ್ತಿತ್ತು. ಅದರ ಕಮಾನುಗಳು ಇಂದಿಗೂ ನಿಂತಿವೆ. ನೋಡಿ, ಬೆರಗಾಗಿ. ಆದರೆ ಪ್ರತಿಯೊಂದು ಕಟ್ಟಡದ ಮುಂದೆಯೂ ನಿಮ್ಮನ್ನು ನೀವೇ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರ ಹೆಸರು ಬರೆದಿದೆ? ಯಾರ ಹೆಸರು ಬರೆದಿಲ್ಲ?

ಮೊದಲು ಟೈಟಸ್ ಚಕ್ರವರ್ತಿಯ ವಿಜಯದ್ವಾರಕ್ಕೆ ಬನ್ನಿ. ಕ್ರಿ.ಶ. 70ರಲ್ಲಿ ಟೈಟಸನ ಸೈನ್ಯ ಜೆರುಸಲೇಮಿನ ಮಹಾದೇವಾಲಯವನ್ನು ಸುಟ್ಟು ಕೆಡವಿತು. ಅಲ್ಲಿನ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತು ಮೆರವಣಿಗೆ ಮಾಡುವ ಕೆತ್ತನೆ ಆ ದ್ವಾರದೊಳಗಿದೆ. ಸತ್ತ ಟೈಟಸನನ್ನು ದೇವರೆಂದೇ ಕರೆದು ಅವನ ಹೆಸರನ್ನು ಮೇಲೆ ಕೊರೆದಿದ್ದಾರೆ. ಮನೆಮಠ ಕಳೆದುಕೊಂಡ ಜೆರುಸಲೇಮಿನ ತಾಯಂದಿರ ಹೆಸರು ಅಲ್ಲಿಲ್ಲ. ಆ ನಗರಕ್ಕಾಗಿ ಮೊದಲೇ ಕಣ್ಣೀರು ಸುರಿಸಿದವರು ನಮ್ಮ ಪ್ರಭು ಯೇಸು. ಚಕ್ರವರ್ತಿ ಗೆಲುವನ್ನು ಕೆತ್ತಿಸಿದ, ಪ್ರಭು ಅತ್ತರು. ನಾವು ಯಾರ ಶಿಷ್ಯರು?

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಕೊಲೊಸಿಯಮ್. ವೆಸ್ಪೇಸಿಯನ್ ಆರಂಭಿಸಿದ ಈ ಕ್ರೀಡಾಂಗಣವನ್ನು ಕ್ರಿ.ಶ. 80ರಲ್ಲಿ ಅವನ ಮಗ ಟೈಟಸ್ ಉದ್ಘಾಟಿಸಿದ. ಜೆರುಸಲೇಮಿನ ಲೂಟಿಯ ಹಣ ಇದಕ್ಕೆ ಸೇರಿತೆಂದು ಇತಿಹಾಸಕಾರರು ಹೇಳುತ್ತಾರೆ. ಸುಮಾರು 50 ಸಾವಿರ ಜನ ಕುಳಿತು, ಮನುಷ್ಯರು ಮನುಷ್ಯರನ್ನು ಕೊಲ್ಲುವುದನ್ನು ಆಟವೆಂದು ನೋಡುತ್ತಿದ್ದರು. ಇಂದು ಅದೇ ಜಾಗದಲ್ಲಿ ಶಿಲುಬೆ ನಿಂತಿದೆ. 18ನೆಯ ಶತಮಾನದಲ್ಲಿ ಪೋಪ್ 14ನೆಯ ಬೆನೆಡಿಕ್ಟ್‌ರವರು ಆ ಸ್ಥಳವನ್ನು ಪ್ರಭುವಿನ ಯಾತನೆಯ ಸ್ಮರಣೆಗೆ ಅರ್ಪಿಸಿದರು. ಶುಭ ಶುಕ್ರವಾರದ ರಾತ್ರಿ ಶಿಲುಬೆಹಾದಿಯ ಪ್ರಾರ್ಥನೆ ಅಲ್ಲಿ ನಡೆಯುತ್ತದೆ. ಮರಣದಂಡನೆಗೆ ಗುರಿಯಾದ ಒಬ್ಬರ ನೆನಪು, ಕೊಂದವರ ಗರ್ವದ ಮನೆಯಲ್ಲಿಯೇ ಉಳಿಯಿತು.

ಮುಂದೆ ಪ್ಯಾಂಥಿಯನ್. ಬಿಜಾಪುರದ ಗೋಲಗುಮ್ಮಟವನ್ನು ನೀವೆಲ್ಲ ಕಂಡಿರುವಿರಿ. ಅದರ ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಪ್ಯಾಂಥಿಯನ್ನಿನದು 43 ಮೀಟರಿಗೂ ಮಿಗಿಲು. ಆದರೆ ಇದು ಗೋಲಗುಮ್ಮಟಕ್ಕಿಂತ ಸುಮಾರು 1,500 ವರ್ಷ ಹಳೆಯದು. ಹ್ಯಾಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 126ರ ಹೊತ್ತಿಗೆ ಮುಗಿದ ಈ ಗುಮ್ಮಟದಲ್ಲಿ ಕಬ್ಬಿಣದ ಸರಳುಗಳಿಲ್ಲ. ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿ ಬೆರೆಸಿದ ಗಾರೆ. ಕೆಳಗೆ ಭಾರದ ಕಲ್ಲು, ಮೇಲೆ ಹೋದಂತೆಲ್ಲ ಹಗುರ ಕಲ್ಲು, ನೆತ್ತಿಯಲ್ಲಿ ಏನೂ ಇಲ್ಲ. ಅಲ್ಲೊಂದು ತೆರೆದ ಕಿಂಡಿ. ಬಿಸಿಲೂ ಅಲ್ಲಿಂದಲೇ, ಮಳೆಯೂ ಅಲ್ಲಿಂದಲೇ. ಆತ್ಮಜೀವನವೂ ಹೀಗೆಯೇ ಅಲ್ಲವೇ? ಮೇಲೇರಬೇಕಾದರೆ ಭಾರ ಇಳಿಸಬೇಕು, ನೆತ್ತಿಯಲ್ಲಿ ದೇವರಿಗೊಂದು ಕಿಂಡಿ ಬಿಡಬೇಕು.

ರೋಮನರ ಸಕಲ ದೇವತೆಗಳಿಗೆಂದು ಹೆಸರಾಗಿದ್ದ ಈ ಕಟ್ಟಡವನ್ನು ಕ್ರಿ.ಶ. 609ರಲ್ಲಿ ಪೋಪ್ 4ನೆಯ ಬೊನಿಫಾಸ್‌ರವರು ಮಾತೆ ಮರಿಯಮ್ಮನವರಿಗೂ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ದೇವಾಲಯವಾದ್ದರಿಂದಲೇ ಅದು ಹಾಳಾಗದೆ ಉಳಿಯಿತು. ಸುತ್ತಲಿನ ಎಷ್ಟೋ ಕಟ್ಟಡಗಳ ಕಲ್ಲನ್ನು ಜನ ಕಿತ್ತೊಯ್ದರು. ಜನ ಕೂಡಿ ಪ್ರಾರ್ಥಿಸುವ ಮನೆ ಮಾತ್ರ ನಿಂತಿತು. ಒಂದು ಕಟ್ಟಡವನ್ನು ಅದರ ಗಾರೆಯಷ್ಟೇ ಕಾಯುವುದಿಲ್ಲ, ಅದರೊಳಗೆ ಮಂಡಿಯೂರುವವರೂ ಕಾಯುತ್ತಾರೆ.

ಕೊನೆಗೆ ಸಂತ ಪೇತ್ರರ ಮಹಾದೇವಾಲಯ. ಅದರ ಅಂಗಳದ ನಡುವೆ ನಿಂತಿರುವ ಕಲ್ಲಿನ ಎತ್ತರದ ಕಂಬ ಹಿಂದೆ ನೀರೋನ ಆಟದ ಮೈದಾನದಲ್ಲಿತ್ತು. 1586ರಲ್ಲಿ ಅದನ್ನು ಈಗಿನ ಜಾಗಕ್ಕೆ ತಂದು ನಿಲ್ಲಿಸಿದರು. ಕ್ರಿ.ಶ. 64ರ ಬೆಂಕಿ ಅನಾಹುತದ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ನೀರೋ ಅವರನ್ನು ಹಿಂಸಿಸಿ ಕೊಲ್ಲಿಸಿದನೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪೇತ್ರರು ಪ್ರಾಣ ಕೊಟ್ಟದ್ದು ನೀರೋನ ಕಾಲದಲ್ಲಿಯೇ. 1939ರಿಂದ 1949ರವರೆಗೆ ಮಹಾದೇವಾಲಯದ ಕೆಳಗೆ ಅಗೆದಾಗ ಪುರಾತನ ಸ್ಮಶಾನವೂ, ಪೇತ್ರರ ಸಮಾಧಿಯೆಂದು ಆದಿಯಿಂದ ಗೌರವಿಸಿದ ಸ್ಥಳವೂ ಬೆಳಕಿಗೆ ಬಂದವು. ಅಲ್ಲಿದ್ದದ್ದು ಅಮೃತಶಿಲೆಯ ಗೋರಿಯಲ್ಲ. ನೆಲದಲ್ಲಿ ತೋಡಿದ ಮಣ್ಣಿನ ಕುಣಿ. ಜಗತ್ತಿನ ಅತಿ ದೊಡ್ಡ ದೇವಾಲಯಗಳಲ್ಲಿ ಒಂದು, ಬಲೆ ಬೀಸಿ ಬದುಕಿದ ಒಬ್ಬ ಬಡವನ ಮಣ್ಣಿನ ಕುಣಿಯ ಮೇಲೆ ನಿಂತಿದೆ! ರೋಮ್ ನಮಗೆ ಹೇಳುವ ಪಾಠವೆಲ್ಲ ಇಷ್ಟರಲ್ಲಿದೆ. ಸಾಮ್ರಾಜ್ಯ ಲೆಕ್ಕಕ್ಕೇ ತೆಗೆದುಕೊಳ್ಳದವರನ್ನು ದೇವರು ಅಡಿಗಲ್ಲಾಗಿ ಆರಿಸಿಕೊಂಡರು.

ಪ್ರಿಯರೇ, ಈ ಪಾಠ ಕಲಿತ ಮೇಲೆ ಈಗ ನಮ್ಮ ಊರಿನತ್ತ ತಿರುಗೋಣ. ರೋಮ್ ನಮಗೆ ನಾವು ತಿಳಿದಷ್ಟು ದೂರದ್ದಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ, ತಿಬೇರಿಯಸನದೂ ಅವುಗಳಲ್ಲಿದೆ. ಯೇಸುಸ್ವಾಮಿ ಬೋಧಿಸುತ್ತಿದ್ದಾಗ ಆಳುತ್ತಿದ್ದವನು ಅವನೇ. ತೆರಿಗೆಯ ಪ್ರಶ್ನೆ ಬಂದಾಗ ಪ್ರಭು ನಾಣ್ಯ ತರಿಸಿ, ಅದರ ಮೇಲಿನ ಮುಖ ಯಾರದೆಂದು ಕೇಳಿದ್ದು ನಿಮಗೆ ನೆನಪಿದೆ. ಸೀಸರನ ಮುಖವಿರುವುದು ಸೀಸರನಿಗೆ ಸಲ್ಲಲಿ. ಆದರೆ ದೇವರ ಮುಖದ ಅಚ್ಚು ಬಿದ್ದಿರುವುದು ಯಾವುದರ ಮೇಲೆ? ಮನುಷ್ಯನ ಮೇಲೆ. ಹಾಗಾದರೆ ಮನುಷ್ಯ ಯಾರಿಗೆ ಸಲ್ಲಬೇಕು?

ನಮ್ಮ ಮಸ್ಕಿಯ ಬಂಡೆಯನ್ನೇ ನೋಡಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗುವಾಗ ಎಷ್ಟು ಸಲ ಆ ಊರನ್ನು ದಾಟಿದ್ದೀರಿ! ಅಲ್ಲಿನ ಅಶೋಕನ ಶಾಸನ ಕ್ರಿ.ಪೂ. 3ನೆಯ ಶತಮಾನದ್ದು. ನಾವು ಬೆರಗಿನಿಂದ ನೋಡುವ ಕೊಲೊಸಿಯಮ್‌ಗಿಂತ 300 ವರ್ಷಗಳಿಗೂ ಹಳೆಯದು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಗುರುತಿಸಿದರು. ಬೇರೆ ಕಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅವನೇ ಅಶೋಕನೆಂದು ಹೆಸರು ಹಿಡಿದು ಮೊದಲು ಹೇಳಿದ್ದು ಮಸ್ಕಿಯ ಕಲ್ಲು. ಇಷ್ಟನ್ನು ಶಾಲೆಯಲ್ಲಿ ಕಲಿಸುತ್ತಾರೆ. ಆದರೆ ಆ ಕಲ್ಲು ಹೇಳುವ ಮಾತಿನ ತಾತ್ಪರ್ಯ ಇದಕ್ಕಿಂತ ದೊಡ್ಡದು: ಉನ್ನತವಾದುದನ್ನು ಸಾಧಿಸುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಭಾವಿಸಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಸಾಧ್ಯ. ಅಶೋಕ ಕ್ರೈಸ್ತನಲ್ಲ, ಕ್ರಿಸ್ತನಿಗಿಂತ ಮುಂಚಿನವನು. ಆದರೂ ಸಕಲ ಜನಾಂಗಗಳ ಮನಸ್ಸಿನಲ್ಲಿ ದೇವರು ಸತ್ಯದ ಬೀಜ ಬಿತ್ತಿದ್ದಾರೆಂದು ನಮ್ಮ ಧರ್ಮಸಭೆ ಬೋಧಿಸುತ್ತದೆ. ಟೈಟಸನ ದ್ವಾರ ರಾಜನನ್ನು ದೇವರು ಮಾಡಿತು. ಮಸ್ಕಿಯ ಬಂಡೆ ಸಣ್ಣವನಿಗೂ ದಾರಿಯುಂಟು ಎಂದಿತು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋಗಿ. ಕೋಟೆಯನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ವಿಜಯನಗರದವರೂ ಬಿಜಾಪುರದವರೂ ಆ ಕೋಟೆಗಾಗಿ ಮತ್ತೆ ಮತ್ತೆ ಕಾದಾಡಿದರು. ಅದೇ ಊರಿನಲ್ಲಿ ಆದಿಲ್‌ಶಾಹಿಯ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಗೋವೆಯ ಕಡೆಯಿಂದ ಬಂದ ಗುರುಗಳಿಂದ ಶುಭಸಂದೇಶದ ಬೀಜ ಬಿತ್ತು. ಕರ್ನಾಟಕದ ಒಳನಾಡಿನ ಅತಿ ಹಳೆಯ ಕಥೋಲಿಕ ಸಮುದಾಯಗಳಲ್ಲಿ ಅದೂ ಒಂದು. ಕೋಟೆ ಕಾದ ರಾಜರು ಹೋದರು, ತೋಪುಗಳು ಮೌನವಾದವು. ಜಪಸರ ಹಿಡಿದ ಕೈಗಳು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಉಳಿದವು. ಆ ಮೊದಲ ತಾಯಂದಿರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಆದರೂ ಇಂದಿನ ಮಕ್ಕಳು ಕಲಿಯುವ ಶಿಲುಬೆಯ ಗುರುತು ಅವರಿಂದ ಬಂದದ್ದು. ನಾವು ಮುದಗಲ್ಲಿಗೆ ಹೋದಾಗ ಕೋಟೆಯಷ್ಟೇ ನೋಡಿ ಬರುವೆವೋ, ಅಲ್ಲಿನ ನಮ್ಮವರ ಮನೆಯ ಬಾಗಿಲನ್ನೂ ತಟ್ಟುವೆವೋ?

ಈಗ ಮನಸ್ಸಿಗೆ ತಟ್ಟುವ ಒಂದು ಮಾತು. ಕೊಲೊಸಿಯಮ್ ಕಟ್ಟಿದ ಕೂಲಿಗಳ ಹೆಸರು ಎಲ್ಲೂ ಇಲ್ಲವೆಂದು ಮರುಗುತ್ತೇವೆ. ಇಂದು ಬೆಂಗಳೂರಿನಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಿಗೆ ಕಲ್ಲು, ಮರಳು ಹೊರುವವರು ಯಾರು? ನಾಲೆಯ ನೀರು ಕಾಣದ ಊರುಗಳಿಂದ ಗುಳೆ ಹೋದ ನಮ್ಮವರೇ ಅಲ್ಲವೇ? ಅಕ್ವಿಲ ದಂಪತಿಯೂ ಹೀಗೆಯೇ ಅಲೆದವರು. ಕ್ಲೌದಿಯಸನ ಆಜ್ಞೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದಿದ್ದರು. ಸಿಂಧನೂರಿನ ಸುತ್ತ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಕ್ಯಾಂಪುಗಳನ್ನು ಕಂಡ ನಮಗೆ, ಊರು ಬಿಡುವ ನೋವು ಅಪರಿಚಿತವಲ್ಲ.

ದುಡಿಯುವವರು ಗುಳೆ ಹೋದ ಮೇಲೆ ಹಳ್ಳಿಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋದಾಗ ಇಂಥ ಮನೆಗಳಿಗೆ ಹೋಗುತ್ತೇವೆ. ಒಳಗೆ ಮಂಚದ ಮೇಲೆ ಒಬ್ಬ ತಾಯಿ, ಪಕ್ಕದಲ್ಲಿ ಮೊಮ್ಮಗು. "ನೀವು ಬರ್ತೀರಿ ಫಾದರ್, ಕುಂತು ಮಾತಾಡೋರು ಮತ್ತ್ಯಾರು ಬರಂಗಿಲ್ರಿ" ಎಂಬ ಮಾತು. ರೂಫನ ತಾಯಿ ನಮ್ಮ ಓಣಿಯಲ್ಲಿಯೇ ಇದ್ದಾಳೆ. ಅವಳಿಗೆ ವಂದನೆ ಹೇಳಿ ಕಳುಹಿಸುವ ಪೌಲ ಯಾರು?

ಇನ್ನೂ ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ತಾಯಿಯ ಕಣ್ಣಿನ ಪೊರೆಯ ಆಪರೇಷನ್ನನ್ನು ಮುಂದಿನ ವರ್ಷಕ್ಕೆ ದೂಡಿ, ಬಡ್ಡಿಗೆ ಸಾಲ ತೆಗೆದು ಯಾತ್ರೆಗೆ ಹೆಸರು ಕೊಡುವವರಿದ್ದಾರೆ. ದೇವರಿಗೆ ಮೀಸಲೆಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದುದನ್ನು ತಪ್ಪಿಸುತ್ತಿದ್ದವರನ್ನು ಯೇಸುಸ್ವಾಮಿ ಎಷ್ಟು ಕಠಿಣವಾಗಿ ಖಂಡಿಸಿದರೆಂದು ಸಂತ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಓದಿ. ತಾಯಿಯ ಕಣ್ಣೀರಿನ ಮೇಲೆ ನಡೆದುಹೋಗುವ ದಾರಿ ಯಾವ ಪವಿತ್ರ ದ್ವಾರವನ್ನೂ ಮುಟ್ಟುವುದಿಲ್ಲ. ಮನೆ ಗೆದ್ದು ಮಾರು ಗೆಲ್ಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೋಗಲಾರದವರು ಏನು ಕಳೆದುಕೊಂಡರು? 2024ರ ಮೇ 13ರಂದು ಜುಬಿಲಿಯ ವಿಶೇಷ ಕೃಪಾನುಗ್ರಹದ ಬಗ್ಗೆ ವ್ಯಾಟಿಕನ್ ಹೊರಡಿಸಿದ ಆದೇಶ ಇದಕ್ಕೆ ಉತ್ತರ ಕೊಟ್ಟಿತು. ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪೋಪ್‌ರವರ ಉದ್ದೇಶಗಳಿಗಾಗಿ ಪ್ರಾರ್ಥಿಸಿ, ರೋಗಿಗಳನ್ನು, ಸೆರೆಯಲ್ಲಿರುವವರನ್ನು, ಒಂಟಿಯಾದ ವೃದ್ಧರನ್ನು, ಅಂಗವಿಕಲರನ್ನು ಭೇಟಿ ಮಾಡಿ ಅವರೊಡನೆ ಸಮಯ ಕಳೆದವರಿಗೂ ಅದೇ ಕೃಪಾನುಗ್ರಹ ದೊರೆಯುವುದೆಂದು ಅದರಲ್ಲಿ ತಿಳಿಸಲಾಗಿತ್ತು. ಅವರೊಳಗಿರುವ ಕ್ರಿಸ್ತರ ಬಳಿಗೆ ಕೈಗೊಂಡ ಯಾತ್ರೆಯೆಂದೇ ಧರ್ಮಸಭೆ ಆ ಭೇಟಿಯನ್ನು ಕಂಡಿತು. ಜುಬಿಲಿ ವರ್ಷ ಮುಗಿದರೂ, ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ ಮುಗಿಯುವುದಿಲ್ಲ. ಕೊನೆಯ ದಿನ ಪ್ರಭು ಕೇಳುವ ಪ್ರಶ್ನೆಗಳಲ್ಲಿ ರೋಮ್ ಕಂಡೆಯಾ ಎಂಬುದಿಲ್ಲ. ಹಸಿದಿದ್ದಾಗ ಉಣಿಸಿದೆಯಾ, ಅಪರಿಚಿತನಾಗಿದ್ದಾಗ ಮನೆಗೆ ಕರೆದೆಯಾ, ರೋಗಿಯಾಗಿದ್ದಾಗ ಬಂದೆಯಾ ಎಂಬುದಿದೆ.

ಆದ್ದರಿಂದ ಪ್ರಿಯ ಕುಟುಂಬಗಳೇ, ಮೂರು ಕಾರ್ಯಗಳನ್ನು ಕೈಗೊಳ್ಳೋಣ. ಮೊದಲನೆಯದಾಗಿ, ರೋಮಿಗೆ ಹೋಗುವ ಅವಕಾಶವಿದ್ದವರು ಸಂತೋಷವಾಗಿ ಹೋಗಿ ಬನ್ನಿ. ಆದರೆ ಹೊರಡುವ ಮುನ್ನ ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ಮನೆಯವರೆಲ್ಲ ಕುಳಿತು ಓದಿ. ಅಲ್ಲಿನ ಒಂದು ದೇವಾಲಯದಲ್ಲಾದರೂ ಆ ಊರಿನ ವಿಶ್ವಾಸಿಗಳೊಡನೆ ಬಲಿಪೂಜೆಯಲ್ಲಿ ಭಾಗವಹಿಸಿ, ಪಕ್ಕದಲ್ಲಿ ನಿಂತವರ ಕೈ ಹಿಡಿದು ಶಾಂತಿ ಕೋರಿ. ಎರಡನೆಯದಾಗಿ, ಮಕ್ಕಳನ್ನು ಒಂದು ರಜೆಯ ದಿನ ಮಸ್ಕಿಗೂ ಮುದಗಲ್ಲಿಗೂ ಕರೆದೊಯ್ಯಿರಿ. ತಮ್ಮ ನೆಲದ ಕಲ್ಲನ್ನು ಓದಲಾರದ ಮಗು ರೋಮಿನ ಕಲ್ಲನ್ನು ಹೇಗೆ ಓದೀತು? ಮೂರನೆಯದಾಗಿ, ಪೌಲರಂತೆ ನಿಮ್ಮದೇ ಒಂದು ಪಟ್ಟಿ ಬರೆಯಿರಿ. ನಿಮ್ಮ ಓಣಿಯಲ್ಲಿ, ನಿಮ್ಮ ಕ್ಯಾಂಪಿನಲ್ಲಿ ಒಂಟಿಯಾಗಿರುವವರು, ಗುಳೆ ಹೋದವರ ಮನೆಯಲ್ಲಿ ಉಳಿದ ಹಿರಿಯರು, ಮಾತು ಬಿಟ್ಟ ಅಣ್ಣತಮ್ಮಂದಿರು. ಐದೇ ಹೆಸರಾದರೂ ಸಾಕು. ವಾರಕ್ಕೊಂದು ಮನೆಗೆ ಹೋಗಿ. ಬರಿಗೈಲಿ ಹೋದರೂ ಸರಿ, ಅವಸರದಲ್ಲಿ ಮಾತ್ರ ಹೋಗಬೇಡಿ. ಅವರು ಕೊಟ್ಟ ರೊಟ್ಟಿಯ ತುಣುಕನ್ನು ಬೇಡವೆನ್ನದೆ ತಿಂದು ಬನ್ನಿ.

ನಮ್ಮನ್ನು ಹೆಸರು ಹಿಡಿದು ಕರೆಯುವ ಪ್ರಭುವೇ, ಕಲ್ಲಿನಲ್ಲಿ ಹೆಸರಿಲ್ಲದವರ ಹೆಸರನ್ನು ನಿಮ್ಮ ಅಂಗೈಯಲ್ಲಿ ಬರೆದುಕೊಂಡಿದ್ದೀರಿ. ಅವರ ಬಾಗಿಲನ್ನು ತಟ್ಟುವ ಮನಸ್ಸನ್ನು ನಮಗೆ ಕೊಡಿ. ನಮ್ಮ ಮನೆಗಳು ಸಣ್ಣವಾದರೂ ನಿಮ್ಮ ಸಭೆ ಸೇರುವ ಮನೆಗಳಾಗಲಿ. ಪ್ರೇಷಿತರಾದ ಸಂತ ಪೇತ್ರರೇ, ಸಂತ ಪೌಲರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.